ಏಳೆಂಟ್ಲ

ಎಕ್ಸರೇಯಲ್ಲಿ ಹನ್ನೊಂದಿದ್ದವು.
ಇಕ್ಕಳಕ್ಕೆ ಸಿಕ್ಕಿದ್ದು ಹತ್ತು.
ಉಕ್ಕಿನವು, ನುಣ್ಣಗಿನವು, ಸೈಕಲ್ ಚಕ್ರದೊಳಗೆ
ಗ್ರೀಸು ಮೆತ್ತಿಕೊಂಡು ತಿರುಗಬೇಕಾದವು
ಪಿಳ್ಳರೆಡ್ಡಿಯ ಎಡ ಪಕ್ಕೆಯಲ್ಲಿ.

ಸೊಣ್ಣಪ್ಪ ಒಂದೊಂದನ್ನೂ ಸ್ಟೀಲ್ ಬಟ್ಟಲಿಗೆ ಬಿಡುತ್ತಾನೆ. ಟಿಣ್.
ಕೋಲಾರದ ಈ ಶವಾಗಾರದಲ್ಲಿ
ಇಪ್ಪತ್ತೆರಡು ವರ್ಷ ಪಳಗಿದ ಕಿವಿ:
"ಸೀಸ ಆಗಿದ್ರೆ ದೊಪ್ ಅಂತಿತ್ತು ಮೇಡಂ.
ಇದು ಕೈಕೆಲಸ."

ಕೈಕೆಲಸವೇ.
ಹಂದಿ ಕಾಯಲು ಲೈಸೆನ್ಸಿದ್ದ ಯಾರದೋ ತಾತನ ಕೋವಿ ಇರಬೇಕು,
ಕೆಜಿಎಫ್‌ನ ಯಾವನೋ ಲೇತಿನವನು
ನಳಿಗೆ ಕುಯ್ದು ಗಿಡ್ಡ ಮಾಡಿರಬೇಕು.
ಗಿಡ್ಡ ಬಾಯಿ ಮಸಿ ಬಹಳ ಕಾರುತ್ತದೆ.
ಗಾಯ ಚದುರಿಲ್ಲ. ಒಂದೇ ತೂತು,
ಇಲಿ ಕಡಿದ ಹಪ್ಪಳದ ಅಂಚು.
ಸ್ಕೇಲಿಟ್ಟೆ: ನಾಲ್ಕು ಸೆಂಟಿಮೀಟರ್.
ಅಂದರೆ ಹತ್ತಿರ. ಅಂದರೆ ಮಾತಾಡುವಷ್ಟು ಹತ್ತಿರ.
ಅಂದರೆ ಬೀಡಿಗೆ ಬೆಂಕಿ ಕೇಳುವಷ್ಟು.

ನಯವಾದ ನಳಿಗೆ ಗುಂಡಿನ ಮೇಲೆ ಗೀರು ಬಿಡುವುದಿಲ್ಲ;
ಯಾರ ಮನೆಯಿಂದ ಬಂದೆ ಅಂದರೆ ಗುಂಡು ಬಾಯಿ ಬಿಡುವುದಿಲ್ಲ.
ಬಾಗಿಲಲ್ಲಿ ಇನ್ಸ್‌ಪೆಕ್ಟರ್ ಅಸ್ಗರ್, ಮೂಗಿಗೆ ಕರವಸ್ತ್ರ:
"ಏನಾದ್ರೂ ಕೊಡಿ ಮೇಡಂ. ಒಂದು ಎಳೆ."

ಹನ್ನೊಂದನೆಯದನ್ನು ಹುಡುಕುವಾಗ ಬೆರಳಿಗೆ ಸಿಕ್ಕಿದ್ದು
ಮೆತ್ತಗಿತ್ತು.
ಮದ್ದು ಅಲುಗದಂತೆ ಒತ್ತಿ ತುರುಕಿದ ಕಾಗದ.
ಸಲೈನಿನಲ್ಲಿ ನೆನೆಸಿ, ಚಿಮುಟದ ತುದಿಯಲ್ಲಿ
ಮಡಿಕೆ ಮಡಿಕೆಯಾಗಿ ಬಿಡಿಸಿದೆ.
ಚೌಕುಳಿ ಹಾಳೆ. ರಕ್ತಕ್ಕೂ ಅಳಿಯದ ಪೆನ್ಸಿಲ್ಲು:

ಏಳಾರ್ಲ ನಲವತ್ತೆರಡು
ಏಳೇಳ್ಲ ನಲವತ್ತೊಂಬತ್ತು
ಏಳೆಂಟ್ಲ ಐವತ್ತನಾಲ್ಕು

ಕೊನೆಯ ಸಾಲಿನ ಸುತ್ತ ಮೇಷ್ಟರು ಒತ್ತಿ ಎಳೆದ ಸೊನ್ನೆ.
ಕೆಂಪು ಶಾಯಿ ಎಲ್ಲಿ ಮುಗಿಯಿತು, ತಿಳಿಯಲಿಲ್ಲ.

ಶ್ರೀನಿವಾಸಪುರದ ತೋಪುಗಳ ನಡುವೆ
ಎಷ್ಟು ಶಾಲೆಗಳೋ, ಅಸ್ಗರ್ ಅಷ್ಟಕ್ಕೂ ಹೋಗುತ್ತಾರೆ.
ಜೆರಾಕ್ಸ್ ಹಿಡಿದು, ಟೋಪಿ ಕಂಕುಳಲ್ಲಿಟ್ಟು,
ಮಂಡಿಯೂರಿ, ಮೆಲ್ಲಗೆ ಕೇಳುತ್ತಾರೆ:
ಈ ಅಕ್ಷರ ಯಾರದು ಕಂದಾ?
ಮೂರನೇ ಕ್ಲಾಸಿನ ಯಾವುದೋ ಮಗು
ಎಲ್ಲರಿಗಿಂತ ಮೊದಲು ಕೈಯೆತ್ತುತ್ತದೆ.
ನಂದು ಸಾರ್, ನಂದೇ, ಎನ್ನುತ್ತದೆ.
ಚಾಕಲೇಟಿಗೆ ಕಾಯುತ್ತ ನಿಲ್ಲುತ್ತದೆ.

"ಓದಲಾಗದು" ಎಂದು ಬರೆದರೆ ಮುಗಿಯಿತು. ಒಂದೇ ಪದ.
ಸೊಣ್ಣಪ್ಪ ಅರಗು ಕಾಯಿಸುತ್ತಿದ್ದ, ನನ್ನತ್ತ ನೋಡಲಿಲ್ಲ.
ಮೇಜಿನ ಮೇಲೆ ಪಿಳ್ಳರೆಡ್ಡಿ
ಬೀಡಿ ಕಚ್ಚಿ ಕಪ್ಪಾದ ತುಟಿ ತೆರೆದೇ ಮಲಗಿದ್ದ.
ಬರೆದೆ: ಕಾಗದ, ಒಂದು ತುಂಡು. ಏಳರ ಮಗ್ಗಿ.
ಓದಬಹುದು.

ಹನ್ನೊಂದನೆಯದು ಬೆನ್ನುಮೂಳೆಯ ಸಂದಿಯಲ್ಲಿತ್ತು.
ಟಿಣ್.
ನಲ್ಲಿಯಲ್ಲಿ ಕೈ ತೊಳೆಯುವಾಗ
ಜೋರಾಗಿಯೇ ಅಂದೆನಂತೆ,
ಸೊಣ್ಣಪ್ಪ ಆಮೇಲೆ ಹೇಳಿದ:
ಐವತ್ತಾರು, ಅಂತ.