ತಡಕ್ಕೆ ಕಾರಣ

ಕೆರಿಯಪ್ಪ ಹೋದಮೇಲೆ ನಾನು ಕಂಬ ಹತ್ತಿರಲಿಲ್ಲ.
ಮೂರು ತಿಂಗಳು ಕೆಳಗೇ ನಿಂತೆ.
ಹಗ್ಗ ಹಿಡಿದೆ, ಟಾರ್ಚು ಹಿಡಿದೆ,
ಬಿಲ್ಲು ಕಟ್ಟದವರ ಬಾಗಿಲಲ್ಲಿ ಬೈಸಿಕೊಂಡೆ.
ಯಾಕೆ ಅಂತ ಆಫೀಸಿನಲ್ಲಿ ಯಾರೂ ಕೇಳಲಿಲ್ಲ.
ಕೇಳದೆ ಇರುವುದಕ್ಕೂ ಒಂದು ಭಾರ ಇರುತ್ತದೆ.

ಫೆಬ್ರವರಿ. ಸಂಪೇಕಟ್ಟೆ ಕಡೆಯ ಲೈನು ಸತ್ತಿತ್ತು.
ಮೈಲಾರಿಗೆ ಜ್ವರ. ಜೀಪಿನೊಳಗೆ
ಮಂಕಿಕ್ಯಾಪು ಎಳೆದುಕೊಂಡು ಕೂತಿದ್ದ.
"ನಾ ಏರ್ತೀನಿ ತಗೋರಿ ಅಣ್ಣಾ" ಅಂದ, ಹಲ್ಲು ಕಟಕಟ.
ಬೇಡ ಅಂದವನು ನಾನೇ.
ಸಬ್‌ಸ್ಟೇಷನ್ನಿಗೆ ಫೋನು ಮಾಡಿ ಎಲ್‌ಸಿ ತಗೊಂಡೆ.
ಗ್ಲ್ಯಾಡಿಸ್ ಮೇಡಂ ನಂಬರು ಹೇಳಿದರು,
ಇನ್ನೊಮ್ಮೆ ಹೇಳಿಸಿದೆ, ಮತ್ತೂ ಒಮ್ಮೆ.
ಅರ್ತ್ ರಾಡು ಸಿಕ್ಕಿಸಿ ಜಗ್ಗಿ ನೋಡಿದೆ.
ಆಮೇಲೂ ಒಂದು ಬೀಡಿಯಷ್ಟು ಹೊತ್ತು ನಿಂತಿದ್ದೆ.

ಹತ್ತುವುದನ್ನು ಕಾಲು ಮರೆತಿರಲಿಲ್ಲ.
ಹೊಟ್ಟೆ ಮರೆತಿತ್ತು.
ಕೆರಿಯಪ್ಪ ಕೆಳಗೆ ನಿಂತು ಕೂಗುತ್ತಿದ್ದದ್ದು,
ಹತ್ತೊಂಬತ್ತು ವರ್ಷ, ಪ್ರತಿ ಕಂಬಕ್ಕೂ ಅದೇ ಮಾತು:
"ಇದನ್ನ ಬಿಡೂಕೆ ಮುಂಚೆ ಅದನ್ನ ಹಿಡ್ಕ ಮಾರಾಯ!"
ಎಲೆಯಡಿಕೆ ತುಂಬಿದ ಬಾಯಿ,
ಅರ್ಧ ಮಾತು ಅಂಗಿಗೇ ಬೀಳುತ್ತಿತ್ತು.

ಜಂಪರು ಕಟ್ಟಿದೆ. ಉಸಿರು ಬಿಟ್ಟೆ.
ಹಣೆಯ ದೀಪ ಆಚೆ ತಿರುಗಿತು.
ತಂತಿಯ ಮೇಲೆ ಎರಡು ಕೆಂಡ.

ಬೆಕ್ಕಲ್ಲ, ಬಾಲವಿಲ್ಲ.
ಕಡ್ಡಿಯಂಥ ಕೈಕಾಲು, ಮೈಗಿಂತ ದೊಡ್ಡ ನೋಟ.
ಕಾಡುಪಾಪ.
ನಮ್ಮಜ್ಜಿ ದೀಪ ಹಚ್ಚಿದ ಮೇಲೆ
ಅದರ ಹೆಸರೆತ್ತಲೂ ಬಿಡುತ್ತಿರಲಿಲ್ಲ, ಅಪಶಕುನವಂತೆ.
ನಾನು ಅಂಗೈಯಿಂದ ದೀಪ ಮುಚ್ಚಿದೆ.
ಬೆರಳ ಸಂದಿಯ ಕೆಂಪು ಬೆಳಕಿನಲ್ಲಿ
ಅದು ಒಂದು ಕೈ ಮುಂದೆ ಇಟ್ಟಿತು.
ಬೆರಳು ಮಡಚಿತು. ತಡೆಯಿತು.
ಗಟ್ಟಿ ಅನ್ನಿಸಿದ ಮೇಲೆ
ಹಿಂದಿನದನ್ನು ಬಿಟ್ಟಿತು.

ನಗು ಬಂತು ನನಗೆ, ಕಂಬದ ತುದಿಯಲ್ಲಿ,
ಸೊಂಟದ ಬೆಲ್ಟು ಅಲುಗುವಷ್ಟು.
ಮೂರು ತಿಂಗಳಿಂದ ಹುಡುಕಿ ಸಿಗದ ಅಳು
ಅದರ ಹಿಂದೆಯೇ ಬಂತು.
ಅದು ನಿಂತು ನೋಡಿತು.
ನೋಡಿ, ನನ್ನಿಂದ ಆಗಬೇಕಾದ್ದೇನೂ ಇಲ್ಲವೆಂಬಂತೆ
ಮತ್ತೆ ಇನ್ನೊಂದು ಕೈ ಮುಂದಿಟ್ಟಿತು.

ಇಳಿದೆ. ಅರ್ತ್ ರಾಡು ಮಾತ್ರ ತೆಗೆಯಲಿಲ್ಲ.
ಫೋನು ಬಡಿದುಕೊಳ್ಳುತ್ತಿತ್ತು:
ಮೋಟಾರು ಅಂದವನೊಬ್ಬ, ಮಗಳ ಪರೀಕ್ಷೆ ಅಂದವಳೊಬ್ಬಳು,
ನಿಮ್ಮಪ್ಪನ ಮನೆ ಕರೆಂಟಾ ಅಂದವನೊಬ್ಬ.
ಕೊನೆಗೆ ಮೇಡಂ:
"ಕೆಲಸ ಮುಗೀತಲ್ಲ, ಚಾರ್ಜ್ ಮಾಡ್ಲಾ?"
"ಬೇಡ."
"ಯಾಕ್ರೀ?"
"ಇನ್ನೂ ಒಬ್ಬ ಮೇಲಿದ್ದಾನೆ."

ಆ ಕಡೆ ಫ್ಯಾನಿನ ಸದ್ದಷ್ಟೇ.
ಆವತ್ತು ಆ ಕುರ್ಚಿಯಲ್ಲಿ ಅವರಿರಲಿಲ್ಲ.
ಆವತ್ತು ಯಾರೂ ಯಾರನ್ನೂ ಕೇಳಿರಲಿಲ್ಲ.
"ಇಳೀಲಿ," ಅಂದರು, "ಅವಸರ ಇಲ್ಲ.
ಇಳಿದ ಮೇಲೆ ನೀವೇ ಹೇಳಿ."

ಮೈಲಾರಿ ಕಂಬಳಿ ಸಮೇತ ಎದ್ದು ಬಂದ.
ಇಬ್ಬರೂ ಕತ್ತು ಎತ್ತಿಕೊಂಡು ನಿಂತೆವು,
ತೇರಿಲ್ಲ ಬಾಣಬಿರುಸಿಲ್ಲ,
ಒಂದು ಅಂಗೈಯಷ್ಟು ಜೀವ
ಹನ್ನೊಂದು ಸಾವಿರ ವೋಲ್ಟಿನ ಜಾಗದಲ್ಲಿ
ಅಕ್ಕಿ ಆರಿಸುವಂತೆ ನಡೆದದ್ದು ನೋಡುತ್ತ.
ಮೂವತ್ತೆಂಟು ನಿಮಿಷ.
ಹೊನ್ನೆಮರದ ಕೊಂಬೆ ಬಂತು.
ಕೈ ನೀಡಿತು, ಇನ್ನೂ ನೀಡಿತು,
ಎಲೆ ಅಲುಗಿತು.
ರಾಡು ತೆಗೆದೆ. "ಕೊಡಿ ಮೇಡಂ," ಅಂದೆ.
ಕಣಿವೆಯಾಚೆ ಒಂದೊಂದೇ ಮನೆ ಕಣ್ಣು ಬಿಟ್ಟಿತು.

ಬೆಳಿಗ್ಗೆ ರಿಜಿಸ್ಟರು ತೆಗೆದೆ.
ಹಿಂದಿನ ಹಾಳೆಗಳಲ್ಲಿ ಎಲ್ಲೋ ನವೆಂಬರ್ ಇದೆ,
ಕೆರಿಯಪ್ಪನ ಸಾಲಿಗೆ ಯಾರೋ ನೀಲಿ ಶಾಯಿಯಲ್ಲಿ
"ಸಂವಹನ ದೋಷ" ಅಂತ ಬರೆದು ಮುಗಿಸಿದ್ದಾರೆ.
ಅಲ್ಲಿಗೆ ತಿರುವಲಿಲ್ಲ.
'ತಡಕ್ಕೆ ಕಾರಣ' ಅಂತ ಇದ್ದಲ್ಲಿ
"ಲೈನಿನ ಮೇಲೆ ಆಳಿತ್ತು" ಅಂತ ಬರೆದೆ.

ಮೈಲಾರಿ ಹೆಗಲ ಮೇಲಿಂದ ಬಗ್ಗಿ ಓದಿದ.
"ಆಳಲ್ರೀ ಅಣ್ಣಾ," ಅಂದ, "ಪಾಪ."
ತಿದ್ದಲಿಲ್ಲ ನಾನು.