ಅರವತ್ತೆರಡು ಅಂಕ

ನನ್ನ ರಾಕ್ಷಸಿಯ ಹೆಸರು ಸೂಜಿಮಲ್ಲಿ.
ಏಳಡಿ ಎತ್ತರ, ಎಡಗೈಯಲ್ಲಿ ಕೊಡಲಿ,
ಬುದ್ಧಿಗೆ ಮೂರೇ ಅಂಕ.
ಉಳಿದದ್ದೆಲ್ಲ ತಾಳಿಕೆಗೆ ಸುರಿದಿದ್ದೆ,
ಆರು ವರ್ಷ, ರಾತ್ರಿ ಹತ್ತರ ಮೇಲೆ,
ಪೆನ್ಷನ್ ಮೊಹಲ್ಲಾದ ಅಂಗಡಿಯ ಶಟರ್ ಅರ್ಧ ಇಳಿಸಿ,
ಯೂನಿಫಾರಂ ರಾಶಿಗೆ ಮೊಬೈಲು ಒರಗಿಸಿ,
ಹಾಸನದ ಚಳಿಗೆ ಮರಗಟ್ಟಿದ ಬೆರಳನ್ನು
ಇಸ್ತ್ರಿಪೆಟ್ಟಿಗೆಯ ಹತ್ತಿರ ಹಿಡಿದು ಹಿಡಿದು.

ಏಟು ತಿನ್ನುವುದು ಅವಳ ಕಸುಬು.
ಹಿಂದೆ ನಿಂತು ಗಾಯ ಮಾಯಿಸುವವನು ಅಫ್ರೋಜ್,
ಹಗಲಲ್ಲಿ ನನ್ನ ಕಾಜಾ-ಗುಂಡಿ ಹುಡುಗ.
ಸಂಬಳ ತಡವಾದ ವಾರ
ಅವನ ಮಂತ್ರವೂ ತುಸು ತಡ.

"ಅಣ್ಣ, ಅದೃಷ್ಟಕ್ಕೂ ಒಂಚೂರು ಹಾಕು" ಅನ್ನುತ್ತಿದ್ದ.
ಹೊಲಿಗೆ ಬಿಚ್ಚಬಹುದು ಕಣೋ,
ಕತ್ತರಿಸಿದ್ದು ಕೂಡಲ್ಲ, ಅಂದಿದ್ದೆ.

ಮೊನ್ನೆ ಆಟದವರು ನಿಯಮ ಬದಲಿಸಿದರು:
ಎಲ್ಲರ ಅಂಕ ಎಲ್ಲರಿಗೆ ವಾಪಸ್.
ಕೋಟೆ ಬಾಗಿಲಲ್ಲಿ ನಿಂತಿದ್ದಾಳೆ ಸೂಜಿಮಲ್ಲಿ,
ಕೊಡಲಿ ಎತ್ತಲೂ ಬಾರದ ಹಾಗೆ.
ಪಕ್ಕದಲ್ಲಿ ಅರವತ್ತೆರಡು ಮಿನುಗುತ್ತಿದೆ
ಇನ್ನೂ ಬಿಚ್ಚದ ಥಾನು.

ಬೆರಳು ತಾಳಿಕೆಯ ಮೇಲೇ ಹೋಯಿತು, ಅಭ್ಯಾಸ.
ಹಿಂದೆಗೆದೆ.
ಬುದ್ಧಿಯೇ? ವೇಗವೇ?
ನಲವತ್ತನಾಲ್ಕಾಯಿತು, ವೇಗ ಅಂದರೆ ಹೇಗಿರುತ್ತದೆ
ನೋಡಿಯೇ ಇಲ್ಲ.

ಡ್ರ್ಯಾಗನ್ ಎದ್ದಿದೆಯಂತೆ, ಅಫ್ರೋಜ್ ಕರೆದ.
ಬಂದೆ, ಅಂದೆ.
ಟೇಪು ಕೊರಳಲ್ಲೇ ಇತ್ತು. ಯಾಕೋ ತೆಗೆದು
ನನ್ನ ಎದೆಗೇ ಸುತ್ತಿ ನೋಡಿದೆ.
ಇಷ್ಟು ವರ್ಷ ಊರನ್ನೆಲ್ಲ ಅಳೆದವನು, ಇದೊಂದು ಬಿಟ್ಟಿದ್ದೆ.
ಮೂವತ್ತೊಂಬತ್ತೂವರೆ.
ಬರೆದಿಡೋಣವೆಂದು ಸೀಮೆಸುಣ್ಣ ತಡಕುತ್ತಿದ್ದೆ,
ಅಫ್ರೋಜ್ ಮತ್ತೆ ಕೂಗಿದ.