ನವಿರು

ಫೈನಲ್ಲಿನ ಹಿಂದಿನ ರಾತ್ರಿ ಒಂದೂವರೆಗೆ
ವರ್ಲಿಯ ಈ ಹಾಲಿನಲ್ಲಿ ಉಳಿದವರು ಮೂವರು:
ನಾನು, ಕುರ್ಚಿ ಎಣಿಸುವ ಶೇವಂತಾಬಾಯಿ,
ಮತ್ತು ಹನ್ನೆರಡು ಅಡಿ ಉದ್ದಕ್ಕೆ ಮಲಗಿದ ಹಸಿರು.

ಮೊದಲು ಬ್ರಶ್ಶು. ಆಮೇಲೆ ಇಸ್ತ್ರಿ.
ಆರು ಕಿಲೋ ತೂಕ, ಅಡಿ ಕನ್ನಡಿಯಷ್ಟು ನುಣುಪು.
ಕಂದು ಚೆಂಡಿನ ಕಡೆಯಿಂದ ಕಪ್ಪು ಚೆಂಡಿನ ಕಡೆಗೆ
ಒಂದೇ ದಿಕ್ಕು. ಎತ್ತು. ನಡೆದು ಬಾ. ಮತ್ತೆ ಇಡು.
ಹಿಂದಕ್ಕೆ ಎಳೆಯಬಾರದು.
ಈ ಬಟ್ಟೆಗೆ ನವಿರಿದೆ, ಬೆಕ್ಕಿನ ಬೆನ್ನಿಗಿದ್ದ ಹಾಗೆ.
ಉಲ್ಟಾ ಸವರಿದರೆ ನೆನಪಿಟ್ಟುಕೊಳ್ಳುತ್ತದೆ.

ಅಪ್ಪನದು ಸಾಯನ್‌ನಲ್ಲಿ ಮೆಟ್ಟಿಲ ಕೆಳಗಿನ ಅಂಗಡಿ.
ಕೆಂಡದ ಪೆಟ್ಟಿಗೆ. ಬಾಯ್ತುಂಬ ನೀರು ಹಿಡಿದು
ಫುರ್ರೆಂದು ಉಗುಳಿ, ಹಿಂದೆ ಮುಂದೆ, ಹಿಂದೆ ಮುಂದೆ,
"ನೂಲಿಗೆ ಮರ್ಯಾದೆ ಕಲಿಸ್ಬೇಕು ಮಾರಾಯ" ಅನ್ನುತ್ತಿದ್ದ.
ಮೂರನೇ ಮಹಡಿಯ ಮಿಸ್ತ್ರಿ ಸಾಹೇಬರ ಪ್ಯಾಂಟಿನ ಗೀರಿನಲ್ಲಿ
ಸೌತೆಕಾಯಿ ಹೆಚ್ಚಬಹುದಿತ್ತು.
ಆ ಸಾಹೇಬರೇ ನನ್ನನ್ನು ಜಿಮ್ಖಾನಾಕ್ಕೆ ಸೇರಿಸಿದ್ದು.
ಸೇರಿದ ವಾರವೇ ಮರೆಯಬೇಕಾಗಿ ಬಂತು:
ನೀರು,
ಮತ್ತು ಹಿಂದಕ್ಕೆ ಬರುವ ಕೈ.

ಬಟ್ಟೆಯ ಕೆಳಗೆ ಐದು ಹಲಗೆ ಕಲ್ಲು, ಕಲ್ಲಿನಡಿ ಹೀಟರು.
ರಸ್ತೆ ದಾಟಿದರೆ ಸಮುದ್ರ ನೋಡಿ,
ಜುಲೈನಲ್ಲಿ ಇಲ್ಲಿ ಗೋಡೆಗಳೂ ಬೆವರುತ್ತವೆ.
ಆಟಗಾರರು ಬಂದು ಬಟ್ಟೆ ಮುಟ್ಟಿ ನೋಡುತ್ತಾರೆ,
ಡಾಕ್ಟರು ಹಣೆ ಮುಟ್ಟಿದ ಹಾಗೆ.
ನನ್ನನ್ನು ನೋಡುವುದಿಲ್ಲ. ಸರಿಯೇ.
ಹಾಸಿಗೆ ಹಾಸಿದವರು ಯಾರೆಂದು ನಿದ್ದೆ ಕೇಳುತ್ತದೆಯೆ?

ಒಂದೂ ಮುಕ್ಕಾಲಿಗೆ ಫೋನು. ರಾತ್ರಿಪಾಳಿಯ ತಮ್ಮ.
"ಬಾಂದ್ರಾದ ಕೆಫೆಯವರು ಅಪ್ಪನ ಪೆಟ್ಟಿಗೆ ಕೇಳ್ತಿದ್ದಾರೆ,
ಗಾಜಿನ ಕಪಾಟಲ್ಲಿ ಇಡ್ಲಿಕ್ಕಂತೆ. ನಾಲ್ಕು ಸಾವಿರ. ಕೊಡ್ಲಾ?"
ಹೆಗಲಿಗೂ ಕಿವಿಗೂ ನಡುವೆ ಅವನನ್ನು ಒತ್ತಿಕೊಂಡು
ಇಸ್ತ್ರಿ ನಡೆಸುತ್ತಲೇ ಇದ್ದೆ.
ಎಡಗಡೆಯ ನಡುಜೇಬಿನ ಹತ್ತಿರ, ಎರಡು ಗೇಣು,
ಕೈ ಹಿಂದಕ್ಕೆ ಬಂತು.
ನನ್ನದಲ್ಲ ಆ ಕೈ.

ಫೋನಿಟ್ಟೆ. ಮುಂದಕ್ಕೆ ಮೂರು ಸಲ ತೀಡಿದೆ.
ದೀಪ ತಗ್ಗಿಸಿ, ಕೆನ್ನೆ ಬಟ್ಟೆಗೆ ತಾಗುವಷ್ಟು ಬಗ್ಗಿ ನೋಡಿದೆ.
ಬೆಕ್ಕು ಕ್ಷಮಿಸಿದ ಹಾಗೇ ಇತ್ತು.

ಮಾರನೆಯ ರಾತ್ರಿ. ಒಂಬತ್ತು ಒಂಬತ್ತು.
ಕೊನೆಯ ಫ್ರೇಮು, ಕೆಂಪೆಲ್ಲ ಖಾಲಿ.
ಕ್ರಾಡಕ್‌ಗೆ ಈ ಕಂದು, ಮೇಲೊಂದು ನೀಲಿ, ಅಷ್ಟು ಸಾಕಿತ್ತು.
ಸೊಮ್ಚಿತ್ ಟವೆಲು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದ,
ನೆಂಟರ ಮನೆಯಲ್ಲಿ ಹೊರಡಲು ಹೊತ್ತು ನೋಡುವವನ ಹಾಗೆ.

ನಿಧಾನಕ್ಕೆ ಉರುಳಿದ ಚೆಂಡು ಕಪ್ಪಿನ ಕಡೆಗೆ
ಒಂದೆಳೆ ವಾಲುತ್ತದೆ. ಯಾವ ಮಾರ್ಕರನಿಗೂ ಗೊತ್ತು.
ಕ್ರಾಡಕ್ ಆ ಎಳೆಯನ್ನು ಲೆಕ್ಕ ಹಿಡಿದೇ ಹೊಡೆದ.

ವಾಲಲಿಲ್ಲ.

ನಡುಜೇಬಿನ ಈಚೆ ತುಟಿಗೆ ತಾಗಿ
ಏನೋ ಹೇಳಹೊರಟು ಸುಮ್ಮನಾದವರಂತೆ ನಿಂತಿತು ಕಂದು.
ಆರು ನೂರು ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು
ಹಿಂದಿನ ಸಾಲಿನ ಎಸಿಯಂತೆ ಕೇಳಿಸಿತು.

ಕಾಮೆಂಟರಿಯವರು ಒತ್ತಡ ಎಂದರು, ವಯಸ್ಸು ಎಂದರು,
ಮೊಣಕೈ ಕೊಂಚ ಎದ್ದಿತೆಂದು ಮೂರು ಸಲ ತೋರಿಸಿದರು.
ಟ್ರೋಫಿ, ಕಾಗದದ ಚೂರುಗಳ ಮಳೆ,
ಟೇಬಲ್ಲಿನ ಮೇಲೆ ಬೀಳದಂತೆ ಓಡಾಡಿದೆ ನಾನು.

ಎಲ್ಲ ಹೋದ ಮೇಲೆ ಕ್ರಾಡಕ್ ಒಬ್ಬನೇ ಬಂದ,
ಬೋ ಬಿಚ್ಚಿ ಜೇಬಿಗಿಟ್ಟುಕೊಂಡು.
ಆ ಎರಡು ಗೇಣಿನ ಮೇಲೆ ಅಂಗೈ ಇಟ್ಟ.
ಮುಂದಕ್ಕೆ ಸವರಿದ.
ಹಿಂದಕ್ಕೆ ಸವರಿದ.
ತಲೆಯೆತ್ತಿ ನನ್ನನ್ನು ನೋಡಿದ, ಬೇಕಾದ್ದಕ್ಕಿಂತ ತುಸು ಹೆಚ್ಚು.
"ಗುಡ್ ಕ್ಲಾತ್" ಅಂದ.

ಬೆಳಿಗ್ಗೆ ಮೊಳೆ ಕಿತ್ತು ಬಟ್ಟೆ ಬಿಚ್ಚಿದೆವು,
ಸದಸ್ಯರಿಗೆ ನೆನಪಿಗೆಂದು ಕರವಸ್ತ್ರದಷ್ಟು ತುಂಡುಗಳು.
ನನ್ನ ಪಾಲಿಗೆ ಯಾವ ತುಂಡು ಇಟ್ಟುಕೊಂಡೆನೆಂದು
ಕೇಳಲು ಯಾರೂ ಇರಲಿಲ್ಲ.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಹಾಸಿ
ಬೆರಳಾಡಿಸುತ್ತ ಬಂದೆ, ಹಿಂದೆ ಮುಂದೆ.
ತಮ್ಮನಿಗೆ ಇನ್ನೂ ಏನೂ ಹೇಳಿಲ್ಲ.